ಗೋಡೆಗೆ ಹಾಡು ಅಂಟಿಸಿದ ದಿನ

ಸ್ಫಾಕ್ಸ್ ಊರಿನ ಅರ್ಧ ಜನರ ಮೂಗಿನ ಮೇಲೆ ಕೂತಿರುವ ಕನ್ನಡಕ ನನ್ನ ಅಂಗಡಿಯದು. ಕಣ್ಣು ಸರಿಮಾಡಿಯಾಯಿತು, ಇನ್ನು ಈ ಊರಿನ ಕಿವಿಯನ್ನೂ ಸರಿಮಾಡಿಯೇ ತೀರುತ್ತೇನೆ ಎಂದು ಆ ಶನಿವಾರ ಬೆಳಿಗ್ಗೆ ಸಂಕಲ್ಪ ಮಾಡಿದೆ. ಮದುವೆಮನೆಯಿಂದ ಮೀನಂಗಡಿಯವರೆಗೆ ಎಲ್ಲಿ ಹೋದರೂ ತಗಡು ಬಡಿದಂಥ ಹಾಡುಗಳು. ನಮ್ಮಪ್ಪನ ಕಾಲದ ಹಾಡುಗಳು, ಪಲ್ಲವಿ ಮುಗಿಯುವಷ್ಟರಲ್ಲಿ ಕುಡಿಯಲಿಟ್ಟ ಚಹಾ ಆರಿಹೋಗುವಂಥ ಹಾಡುಗಳು, ಯಾರಿಗೂ ಬೇಡವಾಗಿದ್ದವು.

ಹೆಂಡತಿ ಬಸ್ಮಾ ಊರಲ್ಲಿರಲಿಲ್ಲ. ಅವಳು ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಮಕ್ಕಳಿಗೆ ಮರಳುಗುಡ್ಡ ತೋರಿಸಲು ದೂಝ್ ಕಡೆಗೆ ಹೋಗಿದ್ದವಳು ಅಂದು ಸಂಜೆ ಬರುವುದಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಅಂದರೆ ನನ್ನನ್ನು ತಡೆಯುವವರೇ ಇರಲಿಲ್ಲ. ಚರಿತ್ರೆಯ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೆಂಡತಿ ಊರಲ್ಲಿಲ್ಲದ ದಿನವೇ ಶುರುವಾಗಿರಬೇಕು!

ಹಾಡು ಕೇಳುವ ಆ್ಯಪ್ ತೆರೆದೆ. ನಿಮ್ಮ ಹಾಡುಗಳನ್ನು ಬಂಧುಮಿತ್ರರೊಂದಿಗೆ ಹಂಚಿಕೊಳ್ಳಲು ಜಾಲತಾಣದ ಖಾತೆಗೆ ಜೋಡಿಸಲೇ ಎಂದು ಅದು ವಿನಯದಿಂದ ಕೇಳಿತು. ಜೋಡಿಸು ಎಂದೆ. ಇನ್ನೂ ಏನೇನೋ ಕೇಳಿತು. ಮಹತ್ಕಾರ್ಯಕ್ಕೆ ಹೊರಟವನು ಸಣ್ಣ ಅಕ್ಷರ ಓದುತ್ತಾ ಕೂರುತ್ತಾನೆಯೇ? ಎಲ್ಲಕ್ಕೂ ಒಪ್ಪಿದೆ. ಆಮೇಲೆ ಫೋನನ್ನು ಮೂಲೆಗಿಟ್ಟು, ಹಾಡು ಹಚ್ಚಿ, ಗಾಜು ಉಜ್ಜಲು ಕುಳಿತೆ.

ನನಗೆ ಗೊತ್ತಿಲ್ಲದ ಸಂಗತಿ ಇಷ್ಟೇ. ನಾನು ಕೇಳಿದ ಪ್ರತಿ ಹಾಡಿನ ಹೆಸರೂ ಜಾಲತಾಣದಲ್ಲಿ ನನ್ನ ಗೋಡೆಯ ಮೇಲೆ, ನನ್ನ ಫೋಟೊದ ಕೆಳಗೆ, ನಾನೇ ಬರೆದ ಮಾತಿನಂತೆ ದಪ್ಪಕ್ಷರದಲ್ಲಿ ಮೂಡುತ್ತಿತ್ತು. ಅದು ಹಾಡು ಎಂದು ತಿಳಿಸುವ ಒಂದು ಚಿಹ್ನೆ ಮೂಲೆಯಲ್ಲಿ ಇತ್ತಂತೆ. ಸಾಸಿವೆ ಕಾಳಿನಷ್ಟು ಚಿಕ್ಕದು. ಕನ್ನಡಕ ಮಾರುವವನಿಗೇ ಕಾಣದ್ದು ಬೇರೆಯವರಿಗೆ ಹೇಗೆ ಕಂಡೀತು?

ಹಳೆಯ ಹಾಡುಗಳ ಹೆಸರು ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಮೊದಲನೆಯದು ‘ಸಾಕಾಯಿತು, ಇನ್ನು ಸಹಿಸಲಾರೆ’. ಅದರ ಹಿಂದೆ ‘ಹೋದವಳು ಹೋಗಲಿ’. ಮಧ್ಯಾಹ್ನದ ಹೊತ್ತಿಗೆ ‘ಮನೆ ಖಾಲಿ, ಮನಸ್ಸು ಹಗುರ’. ಆಮೇಲೆ, ದೇವರು ಕಾಪಾಡಲಿ, ‘ಎದುರು ಕಿಟಕಿಯ ಚಂದ್ರ’.

ಊಟಕ್ಕೆಂದು ಎದ್ದಾಗ ಫೋನ್ ನೋಡಿ ಹಿಗ್ಗಿದೆ. ನೆಂಟರಿಷ್ಟರೆಲ್ಲ ಮುಗಿಬಿದ್ದು ಪ್ರತಿಕ್ರಿಯೆ ಬರೆದಿದ್ದರು. ಧೈರ್ಯ ತಂದುಕೋ ಎಂದು ಹಳೆಯ ಸಹಪಾಠಿಯೊಬ್ಬ ಬರೆದಿದ್ದ. ಪಾಪ, ಶೋಕರಾಗ ಅವನ ಎದೆಗೆ ತಾಗಿದೆ ಎಂದುಕೊಂಡೆ. ಗೋಡೆಯನ್ನು ತೆರೆದು ನೋಡುವ ಗೋಜಿಗೆ ಹೋಗದೆ, ಇದು ಆರಂಭ ಮಾತ್ರ ಎಂದು ಉತ್ತರ ಕೊಟ್ಟೆ. ಬಸ್ಮಾಳಿಗೆ ಇದೆಲ್ಲ ತಿಳಿದಿದೆಯೇ ಎಂದು ಅವಳ ಜೊತೆ ಕೆಲಸ ಮಾಡುವ ಟೀಚರೊಬ್ಬರು ಕೇಳಿದ್ದರು. ನಾನು ಉತ್ಸಾಹದಿಂದ, ಅವಳಿಗೆ ಇದರ ರುಚಿ ಗೊತ್ತಿಲ್ಲ, ಅವಳು ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಡುತ್ತೇನೆ ಎಂದು ಬರೆದೆ. ನಾನು ಹೇಳಿದ್ದು ಉಳಿದ ಹಾಡುಗಳ ಬಗ್ಗೆ!

ಸ್ವಲ್ಪ ಹೊತ್ತಿಗೆ ಅಂಗಡಿಯ ಮುಂದೆ ನನ್ನ ಭಾವಮೈದುನ ಮೊನ್ಸೆಫ್‌ನ ಬಾಡಿಗೆ ವ್ಯಾನು ಕಿರ್ರೆಂದು ನಿಂತಿತು. ಅವನು ಪ್ರಯಾಣಿಕರನ್ನೆಲ್ಲ ಅರ್ಧ ದಾರಿಯಲ್ಲೇ ಇಳಿಸಿ ಬಂದಿದ್ದ. ಹಿಂದಿನಿಂದ ಅತ್ತೆ ಲಲ್ಲಾ ಝಕಿಯಾ ಇಳಿದರು. ಬೆಳಗಿನಿಂದ ಮಗಳು ಫೋನಿಗೆ ಸಿಗದೆ, ಅತ್ತು ಅತ್ತು ಅವರ ಕಣ್ಣು ಕೆಂಪಾಗಿತ್ತು. ನಾನು ಕಣ್ಣಿನ ತೊಂದರೆಯೆಂದು ತಿಳಿದು ಕುರ್ಚಿ ಎಳೆದು ಕೂರಿಸಿ, ಕಣ್ಣು ಪರೀಕ್ಷೆಗೆಂದು ಗೋಡೆಗೆ ತೂಗುಹಾಕಿದ ಅಕ್ಷರ ಓದಲು ಹೇಳಿದೆ.

"ನಿನ್ನ ಗೋಡೆ ಮೇಲಿನ ಅಕ್ಷರ ಓದಿಯೇ ಬಂದಿದೀನಪ್ಪಾ ಹಮಾದಿ," ಎಂದರು ಅತ್ತೆ. "ನನ್ನ ಮಗಳು ಏನು ತಪ್ಪು ಮಾಡಿದಳು? ಎದುರು ಕಿಟಕಿಯವಳು ಯಾರು?"

ನಾವು ಮೂವರೂ ತಿರುಗಿ ನೋಡಿದೆವು. ಎದುರು ಕಿಟಕಿಯಲ್ಲಿ ದರ್ಜಿ ಬುರಾವಿ ತನ್ನ ಪೊದೆ ಮೀಸೆಯ ನಡುವೆ ಸೂಜಿ ಕಚ್ಚಿಕೊಂಡು ಕೂತಿದ್ದ. ನಮ್ಮನ್ನು ಕಂಡು ಕೈ ಬೀಸಿದ.

"ಭಾವಾ," ಎಂದ ಮೊನ್ಸೆಫ್ ಮೆಲ್ಲಗೆ, "ಇವನಾ?"

ಆಗ ನನಗೆ ಬೆಳಕು ಹರಿಯಿತು. ಬೆನ್ನಲ್ಲಿ ಬೆವರೂ ಹರಿಯಿತು. ಅವೆಲ್ಲ ಬರೀ ಹಾಡು, ಬೇಕಿದ್ದರೆ ಕೇಳಿ ಎಂದು ಫೋನ್ ಎತ್ತಿಕೊಂಡೆ. ಅವಸರದಲ್ಲಿ ಮುಂದಿನ ಹಾಡಿಗೆ ಬೆರಳು ತಾಗಿತು. ಅದೇ ಕ್ಷಣ ಮೊನ್ಸೆಫ್‌ನ ಫೋನ್ ಕುಂಯ್ ಎಂದಿತು. ಅವನು ನೋಡಿ, ತಾಯಿಯ ಮುಂದೆ ಹಿಡಿದ. ನನ್ನ ನಗುಮುಖದ ಕೆಳಗೆ ಹೊಸ ಘೋಷಣೆ: ‘ಎಲ್ಲಕ್ಕೂ ನಿನ್ನಮ್ಮನೇ ಕಾರಣ’.

ಮೇಲಿನಿಂದ ಛಾವಣಿ ಬೀಳಲೆಂದು ಬೇಡಿಕೊಂಡೆ. ಬೀಳಲಿಲ್ಲ. ಹಾಡು ಮಾತ್ರ ಸಾಗುತ್ತಿತ್ತು, ಪಿಟೀಲಿನ ಮೇಲೆ ಪಿಟೀಲು. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಫೋನನ್ನು ನೋಡಿದರು. ಅವರ ತಲೆ ತಾಳಕ್ಕೆ ಒಂಚೂರು ಓಲಾಡಿತು. ಎರಡನೇ ಚರಣಕ್ಕೆ ಬಂದಾಗ ಗಾಯಕನಿಗಿಂತ ಅವರೇ ಮುಂದಿದ್ದರು. ಅವರ ಮದುವೆಯಲ್ಲಿ ಗಂಡಿನ ಕಡೆಯವರು ಬೇಕೆಂದೇ ಹಾಡಿಸಿದ ಹಾಡಂತೆ. ಅವರಮ್ಮ ಸಿಟ್ಟಾಗಿ ಮದುವೆಯ ಊಟವನ್ನೇ ಬಡಿಸದೆ ವಾಪಸ್ ಒಯ್ದಿದ್ದರಂತೆ. ಹೇಳುತ್ತ ಹೇಳುತ್ತ ನಕ್ಕು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ.

ಅಳಿಸುವುದು ಹೇಗೆಂದು ಮೂವರಿಗೂ ತಿಳಿಯಲಿಲ್ಲ. ಬಸ್ಮಾಳ ಬಸ್ಸು ಬರುವ ಹೊತ್ತಾಗಿತ್ತು. ದಾರಿಯಲ್ಲಿ ಸಿಗ್ನಲ್ ಬಂದು ಅವಳು ಎಲ್ಲವನ್ನೂ ಓದಿರುತ್ತಾಳೆ ಎಂದು ಆಗ ಹೊಳೆಯಿತು. ಇಷ್ಟು ವರ್ಷ ಜೊತೆಗೆ ಬಾಳಿದವಳು ಬಸ್ಸಿನ ಕಿಟಕಿಯ ಪಕ್ಕ ಒಂಟಿಯಾಗಿ ಕೂತು ‘ಹೋದವಳು ಹೋಗಲಿ’ ಎಂದು ಓದಿದ್ದರೆ? ನಗುವ ವಿಷಯವಾಗಿ ಉಳಿದಿರಲಿಲ್ಲ ಅದು. ಮಲ್ಲಿಗೆ ಕೊಂಡೆ, ಖರ್ಜೂರ ತುಂಬಿದ ಸಿಹಿ ಮಕ್ರೂದ್ ಕೊಂಡೆ, ವ್ಯಾನಿನಲ್ಲಿ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದೆ.

ಶಾಲೆಯ ಮುಂದೆ ಬಸ್ಸಿನಿಂದ ಬಸ್ಮಾ ಇಳಿದಳು. ಮೈಯೆಲ್ಲ ಧೂಳು, ಬಿಸಿಲಿಗೆ ಮುಖ ಕೆಂಪು. ನಾನು ಹೂವು ಚಾಚಿ, ಅದು ನನ್ನ ಮನಸ್ಸಿನ ಮಾತಲ್ಲ, ಬರೀ ಹಾಡು, ನೀನಿಲ್ಲದ ಮನೆಯಲ್ಲಿ ನನ್ನ ಮನಸ್ಸು ಹಗುರವಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

ಅವಳು ಅಮ್ಮನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು.

"ಯಾವ ಹಾಡು? ಏನ್ರೀ ಆಯ್ತು?"

"ನೀನು ಓದ್ಲಿಲ್ವಾ? ನನ್ನ ಗೋಡೆ ಮೇಲೆ?"

"ಅಯ್ಯೋ," ಎಂದಳು ಬಸ್ಮಾ, ಮಕ್ರೂದ್ ಒಂದನ್ನು ಬಾಯಿಗಿಡುತ್ತಾ. "ನೀವು ಹಾಕೋದು ಯಾವುದೂ ನನಗೆ ಬರದ ಹಾಗೆ ಯಾವತ್ತೋ ಮಾಡ್ಕೊಂಡಿದೀನಿ ಕಣ್ರೀ."

ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಅಂಥ ಅವಮಾನವನ್ನು ಅಷ್ಟು ಸಂತೋಷದಿಂದ ಯಾವ ಗಂಡನೂ ಸ್ವೀಕರಿಸಿರಲಾರ. ದೇವರಿಗೆ ಕೃತಜ್ಞತೆ ಹೇಳುತ್ತಿರುವಾಗಲೇ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಕೈಚೀಲದಿಂದ ತಮ್ಮ ಫೋನ್ ತೆಗೆದು ಮಗಳ ಕೈಗಿಟ್ಟರು.

"ಅದು ಹೇಗೆ ಮಾಡೋದು, ನನಗೂ ಮಾಡಿಕೊಡು ಮಗಳೇ."