ಕಾಕಾನ ಯಂತ್ರಕ್ಕೆ ಸೊನ್ನೆ ಬರಲಿಲ್ಲ

ನಮ್ಮ ಕಾಕಾನಿಗೆ ಸೊನ್ನೆ ಬರೆಯಲು ಬರುತ್ತಿರಲಿಲ್ಲ ಎಂದರೆ ಅಫಜಲಪುರದಲ್ಲಿ ಯಾರೂ ನಂಬುವುದಿಲ್ಲ. ಹೇಗೆ ನಂಬಿಯಾರು? ಜನ್ಮವಿಡೀ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಕೈವಾರವಿಲ್ಲದೆ ಕರಿಹಲಗೆಯ ಮೇಲೆ ಒಂದೇ ಬೀಸಿಗೆ ವರ್ತುಲ ಎಳೆಯುತ್ತಿದ್ದವರು. ನನ್ನ ಉತ್ತರಪತ್ರಿಕೆಗಳ ಮೇಲೂ ಎಷ್ಟೋ ಸಲ ದುಂಡಗಿನ, ಮುದ್ದಾದ ಸೊನ್ನೆ ಬರೆದುಕೊಟ್ಟಿದ್ದಾರೆ. ಅಂಥವರು ನಿವೃತ್ತರಾದ ಮೇಲೆ ಒಂದು ಸೊನ್ನೆಗಾಗಿ ಎರಡು ವರ್ಷ ಒದ್ದಾಡಿದರು! ತಪ್ಪು ಅವರದಲ್ಲ, ಅವರ ಯಂತ್ರದ್ದು.

ನಿವೃತ್ತರಾದ ಮಾಸ್ತರರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಟ್ಯೂಷನ್ ಹೇಳುತ್ತಾರೆ, ಇಲ್ಲವೇ ಕಟ್ಟೆಯ ಮೇಲೆ ಕುಳಿತು ಊರವರ ಲೆಕ್ಕ ತೆಗೆಯುತ್ತಾರೆ. ಕಾಕಾನದು ಬೇರೆಯೇ ಹಾದಿ. "ಇಷ್ಟ್ ದಿನ ಬರದಿದ್ದೆಲ್ಲ ಡಸ್ಟರ್ ತಿಂದು ಹೋಯ್ತು. ಇನ್ನ ಅಳಿಸ್ಲಾಕ ಬರಲಾರದ್ದು ಬರೀತೀನಿ," ಎಂದರು. ಅಂದರೆ ಲೋಹದ ಮೇಲೆ ಹೆಸರು ಕೊರೆಯುವುದು. ಅದೂ ಕೈಯಿಂದಲ್ಲ; ಕೈಯಿಂದ ಕೊರೆಯುವವರು ಪಾತ್ರೆ ಅಂಗಡಿಗಳ ಮುಂದೆ ಬೇಕಾದಷ್ಟು ಜನ ಇದ್ದರು. ಕಂಪ್ಯೂಟರ್ ಹೇಳಬೇಕು, ಮೋಟಾರು ಕೇಳಬೇಕು, ಮೊನೆ ಕೊರೆಯಬೇಕು. ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಡೆ ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ಕಡಿಮೆ. ಕಾಕಾ ಅದನ್ನು ಗುಲಬರ್ಗಾದ ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತೂಗಿಸಿ ತಂದರು!

ಯಂತ್ರ ಪಡಸಾಲೆಯಲ್ಲಿ ಎದ್ದು ನಿಂತಿತು. ಹಾಳಾದ ಎರಡು ಪ್ರಿಂಟರುಗಳ ಮೋಟಾರು, ಹಳೆಯ ಕಬ್ಬಿಣದ ಮಂಚದ ಕಾಲು, ಸೈಕಲ್ ಚೈನು. ಕೊರೆಯುವ ಮೊನೆಗೆ ಮಾತ್ರ ಗಿರಗಿರ ತಿರುಗುವ ಮೋಟಾರೊಂದು ಬೇಕಿತ್ತು. ಅದು ಅಡುಗೆಮನೆಯಲ್ಲೇ ಸಿಕ್ಕಿತು. ಅಂದಿನಿಂದ ಚಿಗವ್ವ, ಅಂದರೆ ಕಾಕಾನ ಹೆಂಡತಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ಒಳಕಲ್ಲಿನಲ್ಲಿ ಕುಟ್ಟತೊಡಗಿದಳು.

"ಮಷೀನ್ ಮುಗದ ಮ್ಯಾಲ ನಿನ್ನ ಮಿಕ್ಸರ್ ವಾಪಸ್ ಕೊಡ್ತೀನಿ," ಎಂದರು ಕಾಕಾ.

"ಯಾವ್ ಜನ್ಮದಾಗ್ರಿ?" ಎಂದಳು ಚಿಗವ್ವ.

ಮೊದಲ ಪ್ರಯೋಗ ನಡೆದದ್ದು ಅವಳಿಗೆ ಅಂದೋಲಾದ ತವರಿನಿಂದ ಬಂದ ಹಿತ್ತಾಳೆ ತಾಟಿನ ಮೇಲೆ. ಎಷ್ಟು ಆಳ ಕೊರೆಯಬೇಕೆಂಬುದು ಯಂತ್ರಕ್ಕೆ ಇನ್ನೂ ತಿಳಿದಿರಲಿಲ್ಲ. ತಾಟು ತೂತಾಯಿತು, ತಾಟಿನ ಕೆಳಗಿದ್ದ ಹಲಗೆಯೂ ತೂತಾಯಿತು. ಚಿಗವ್ವ ತಾಟು ಎತ್ತಿ, ತೂತಿನೊಳಗಿಂದ ಗಂಡನನ್ನು ನೋಡಿ, "ಚಲೋ ಆತು ಬಿಡ್ರಿ, ಮನ್ಯಾಗ ಜರಡಿ ಇದ್ದಿಲ್ಲ," ಎಂದು ಒಳಗೆ ಹೋದಳು.

ಮುಂದೆ ಆಳವೇನೋ ಸರಿಹೋಯಿತು, ದುಂಡು ಸರಿಹೋಗಲಿಲ್ಲ. ಎರಡು ಮೋಟಾರುಗಳಲ್ಲಿ ಒಂದು ಅವಸರದ್ದು, ಇನ್ನೊಂದು ಆಲಸಿ. ನೆಟ್ಟಗೆ ಗೆರೆ ಎಳೆ ಎಂದರೆ ಕಣ್ಣಿಗೊತ್ತಿಕೊಳ್ಳುವಂತೆ ಎಳೆಯುತ್ತಿತ್ತು. ಸೊನ್ನೆ ಎಂದರೆ ನಾಲ್ಕು ಮೂಲೆ ಬರುತ್ತಿದ್ದವು. ಕನ್ನಡದ ಅಕ್ಷರಗಳೆಲ್ಲ ಎಷ್ಟು ದುಂಡಗಿವೆ ಎಂಬುದು ನಮ್ಮ ಮನೆಯವರಿಗೆ ಅರ್ಥವಾದದ್ದೇ ಆಗ. ಆದರೂ ಗಾಣಗಾಪುರದ ಪಾತ್ರೆ ಅಂಗಡಿಯವರೊಬ್ಬರು ಧೈರ್ಯ ಮಾಡಿ ಆಳಂದದ ಮದುವೆಯೊಂದರ ಪರಾತ, ಅಂದರೆ ಅಗಲವಾದ ದೊಡ್ಡ ತಾಟು, ಕೊಟ್ಟರು. ಮೇಲೆ ವರನ ಹೆಸರು, ಕೆಳಗೆ ವಧುವಿನದು. ಅರ್ಧಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಉಳಿದರ್ಧ ಮುಗಿಸೋಣವೆಂದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗಿತ್ತು; ವರನ ಹೆಸರಿನ ಮೇಲೆಯೇ ವಧುವಿನ ಹೆಸರು ಕೊರೆಯಿತು. ಅಂಗಡಿಯವರು ಪರಾತವನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾಸ್ತರ್ರ, ಲಗ್ನಕ್ಕ ಇನ್ನ ಟೈಮ್ ಅದರಿ," ಎಂದರು.

ಗೀಳು ಹೆಚ್ಚಿದಂತೆ ಕಾಕಾನ ಗುಲಬರ್ಗಾ ಓಡಾಟವೂ ಹೆಚ್ಚಿತು. ಒಮ್ಮೆ ಮೋಟಾರು ನೋಡಿ ಬರುತ್ತೇವೆಂದು ಚಿಗವ್ವನನ್ನೂ ಕರೆದುಕೊಂಡು ಹೋದರು. ಹೆಂಡತಿಯನ್ನು ಗುಜರಿ ತೋರಿಸಲು ಕರೆದೊಯ್ಯುವ ಗಂಡನನ್ನು ಎಲ್ಲಿಯಾದರೂ ಕಂಡಿದ್ದೀರಾ? ಸಂಜೆ ಬಸ್ಸಿಳಿದಾಗ ಮೋಟಾರು ಇರಲಿಲ್ಲ, ಚಿಗವ್ವನ ಬಾಯಲ್ಲಿ ಮಾತೂ ಇರಲಿಲ್ಲ. ಪಾಪ, ಗುಜರಿ ಓಣಿಯೆಲ್ಲ ಅಡ್ಡಾಡಿಸಿ ದಣಿಸಿದ್ದಾರೆ ಎಂದು ನಾವೆಲ್ಲ ನಕ್ಕೆವು.

ನನ್ನ ನೌಕರಿ ಜೇವರ್ಗಿಯಲ್ಲಿ. ಅವ್ವ ನನ್ನ ಜೊತೆಗೇ ಇದ್ದಳು; ರಜೆ ಸಿಕ್ಕಾಗೆಲ್ಲ ಇಬ್ಬರೂ ಅಫಜಲಪುರಕ್ಕೆ ಬರುತ್ತಿದ್ದೆವು. ಅವರು ಗುಲಬರ್ಗಾಕ್ಕೆ ಹೋಗಿಬಂದ ಕೆಲವೇ ದಿನಕ್ಕೆ ಮತ್ತೆ ಕಾಕಾನ ಮನೆಗೆ ಹೋದೆವು. ಚಿಗವ್ವ ಚಹಾ ಕೊಟ್ಟಳು. ಒಂದು ಗುಟುಕಿಗೆ ಅವ್ವ ಮುಖ ಕಿವಿಚಿದಳು. ಸಕ್ಕರೆಯ ಬದಲು ಉಪ್ಪು! ನಾನು ಮೆಲ್ಲಗೆ ಕಪ್ಪು ಕೆಳಗಿಟ್ಟೆ. ಕಾಕಾ ಮಾತ್ರ ಯಂತ್ರದತ್ತ ನೋಡುತ್ತ ಪೂರ್ತಿ ಕುಡಿದು, "ಇನ್ನೊಂದ್ ಕಪ್ ಹಾಕು," ಎಂದರು. ಸೊನ್ನೆಯ ಧ್ಯಾನದಲ್ಲಿ ನಾಲಿಗೆಯ ರುಚಿಯೂ ಹೋಯಿತಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ.

ಅವ್ವ ನಗಲಿಲ್ಲ. ಅವಳು ಆ ಮನೆತನದ ಹಿರಿಯ ಸೊಸೆ. "ಮೊನ್ನಿ ಬ್ಯಾಳ್ಯಾಗ ಸಕ್ರಿ, ಇವತ್ತ ಚಾದಾಗ ಉಪ್ಪು. ನಿನಗ ಮರವು ಹತ್ತ್ಯಾದ ತಂಗಿ. ಮುಂದಿನ ಐತಾರ ಅಡಿಗಿಗಿ ಒಬ್ಬಾಕಿನ್ನ ನಾನೇ ಗೊತ್ತು ಮಾಡ್ತೀನಿ. ನೀ ಇನ್ನ ಕೂತು ಉಣ್ಣು," ಎಂದಳು. ಚಿಗವ್ವನ ಮುಖ ಸಣ್ಣದಾಯಿತು. ಮದುವೆಯಾಗಿ ಬಂದಾಗಿನಿಂದ ಆ ಒಲೆಯ ಮುಂದೆ ಇನ್ನೊಬ್ಬರನ್ನು ನಿಲ್ಲಗೊಡದವಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಲೆ ಹೋದರೆ ಅವಳಿಗೆ ಆ ಮನೆಯಲ್ಲಿ ಬೇರೆ ಏನೂ ಉಳಿಯುವುದಿಲ್ಲವೆಂದು ನನಗೂ ಅನಿಸಿತು.

ಮುಂದಿನ ಭಾನುವಾರ ನಾವು ಹೋದಾಗ ಯಂತ್ರ ಕಿರುಚುತ್ತಿತ್ತು. ಅಡುಗೆಮನೆಯ ಡಬ್ಬಿಗಳ ಸ್ಟೀಲ್ ಮುಚ್ಚಳಗಳು ಸಾಲಾಗಿ ಬಿದ್ದಿದ್ದವು. ಒಂದರ ಮೇಲೂ ಅಕ್ಷರವಿಲ್ಲ, ಬರೀ ಗೆರೆಗಳು. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು.

"ಕಾಕಾ, ಗೆರಿ ಹೊಡಿಲಾಕ ಇಷ್ಟ್ ದೊಡ್ಡ ಮಷೀನ್ ಬೇಕೇನ್ರಿ? ಮೊಳಿಲೆ ಗೀಚಿದ್ರ ಆಗ್ತಿತ್ತಲ್ಲ," ಎಂದೆ.

"ಮೊಳಿಲೆ ಗೀಚಿದ್ದು ಬೆರಳಿಗಿ ಚುಚ್ತದ," ಎಂದರು ಕಾಕಾ. ಮುಚ್ಚಳವನ್ನು ಪಾಲಿಶ್ ಕಾಗದದಿಂದ ಉಜ್ಜುವುದು, ಕಣ್ಣು ಮುಚ್ಚಿ ಗೆರೆಯ ಮೇಲೆ ಬೆರಳಾಡಿಸುವುದು, ಮತ್ತೆ ಉಜ್ಜುವುದು. ಕೊನೆಗೆ ಎಲ್ಲವನ್ನೂ ಎತ್ತಿಕೊಂಡು ಹೋಗಿ ಚಿಗವ್ವನ ಕೈಗಿತ್ತರು. "ಒಂದ್ ಗೆರಿ ಉಪ್ಪು. ಎರಡು ಸಕ್ರಿ. ಮೂರು ಚಾಪುಡಿ." ಪಾಠ ಹೇಳುವ ಅದೇ ಹಳೆಯ ದನಿ.

ಅವ್ವ ಅಡುಗೆಯವಳ ಮಾತು ತೆಗೆದಿದ್ದಳು. ಚಿಗವ್ವ ಮುಚ್ಚಳದ ಮೇಲೆ ಹೆಬ್ಬೆರಳಾಡಿಸಿ, ತಲೆಯೆತ್ತಿ, "ಅಕ್ಕಾ, ಮರವಲ್ಲ, ಕಣ್ಣು," ಎಂದಳು. "ಗುಲಬರ್ಗಾಕ್ಕ ಡಾಕ್ಟರ್ ಕಡಿ ಹೋಗಿದ್ವಿ. ನರ ಒಣಗ್ಯಾವಂತ, ಚಸ್ಮಾಕ್ಕೂ ಬರೂದಿಲ್ಲಂತ. ಯಾರಿಗೂ ಹೇಳಬ್ಯಾಡ್ರಿ ಅಂತ ಇವರಿಗಿ ನಾನೇ ಆಣಿ ಹಾಕಿದ್ದೆ. ಆದ್ರ ಬೆರಳಿಗಿ ಏನೂ ಆಗಿಲ್ಲ. ಒಲಿ ನಾ ಬಿಡೂದಿಲ್ಲ."

ಅವ್ವ ಅವಳ ಕೈ ಹಿಡಿದುಕೊಂಡಳು. ಅಡುಗೆಯವಳ ಮಾತು ಅಲ್ಲಿಗೇ ನಿಂತಿತು. ಆಮೇಲೆ ಚಿಗವ್ವ ಕೈ ಬಿಡಿಸಿಕೊಂಡು ಹೋಗಿ ಚಹಾ ಮಾಡಿ ತಂದಳು. ಸಿಹಿ ಸರಿಯಾಗಿತ್ತು.

ಕಾಕಾನಿಗೆ ಕಪ್ಪು ಕೊಡುತ್ತ ಕೇಳಿದಳು: "ಆವತ್ತಿನ ಚಾದಾಗ ಉಪ್ಪು ಇದ್ದಿದ್ದು ನಿಮಗ ಗೊತ್ತಾಗಿತ್ತಲ್ರಿ?"

"ಉಪ್ಪು? ಯಾವತ್ತಿನ ಚಾ?" ಎಂದರು ಕಾಕಾ.

ಹುಡುಗರ ಅರ್ಧ ಅಂಕದ ಸುಳ್ಳನ್ನೂ ಕ್ಷಮಿಸದ ಮನುಷ್ಯ, ಎಷ್ಟು ಸಲೀಸಾಗಿ ಸುಳ್ಳು ಹೇಳಿದರು! ಆ ದಿನ ಎರಡನೆಯ ಕಪ್ಪನ್ನೂ ಅವರು ತಳದವರೆಗೆ ಕುಡಿದದ್ದು ನೆನಪಾಯಿತು. ಕಾಕಾನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಚಿಗವ್ವ ನಕ್ಕಳು. "ಇನ್ನೊಂದ್ ಕಪ್ ಹಾಕ್ಲೇನು?"

"ಹಾಕು," ಎಂದು ಕಾಕಾ ಕಪ್ಪು ಚಾಚಿದರು. ಅವಳು ಹುಡುಕಬೇಕಾಗದಂತೆ, ಅದನ್ನು ಅವಳ ಬೆರಳಿಗೆ ತಾಗಿಸಿ ಹಿಡಿದಿದ್ದರು.