ಗಾಜಿನ ಕಪಾಟಿನ ಸೇನೆ ಮತ್ತು ಒಂದು ಹಲಸಿನಕಾಯಿ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಯಜ್ಞನಾರಾಯಣರು ತೀರ್ಥಹಳ್ಳಿಯ ತಮ್ಮ ಮನೆಯ ಜಗಲಿಯಲ್ಲಿ ಕೂತು, ಹಲವು ಉಪಕರಣಗಳನ್ನು ಒಂದರಲ್ಲೇ ಮಡಚಿಟ್ಟ ಇಪ್ಪತ್ತೇಳನೆಯ ಮಲ್ಟಿ ಟೂಲಿನ ಕೀಲಿಗೆ ಸಿರಿಂಜಿನಿಂದ ಮಷೀನ್ ಎಣ್ಣೆ ಬಿಡುತ್ತಿದ್ದರು. ಒಂದು ಹನಿ. ಎರಡು ಬಿದ್ದರೆ ಒರೆಸಿ ಮತ್ತೆ ಮೊದಲಿನಿಂದ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯವನ್ನು ಇಪ್ಪತ್ತೆರಡು ವರ್ಷ ಕಾಯ್ದ ಕೈ ಅದು. ಅಂದಾಜು ಎಂಬ ಪದ ಅದಕ್ಕೆ ಗೊತ್ತಿರಲಿಲ್ಲ.

ಉಳಿದ ಇಪ್ಪತ್ತಾರು ಗಾಜಿನ ಕಪಾಟಿನಲ್ಲಿ ಸೇನೆಯಂತೆ ಸಾಲಾಗಿ ನಿಂತಿದ್ದವು. ಒಂದೊಂದರ ಕೊರಳಿಗೂ ಚೀಟಿ: ತೂಕ, ಅಲಗುಗಳ ಸಂಖ್ಯೆ, ಕೊಂಡ ದಿನಾಂಕ. ಮಡಚುವ ಚಾಕು, ಇಕ್ಕಳ, ಗರಗಸ, ಕತ್ತರಿ ಎಲ್ಲವೂ ಇದ್ದವು. ಮೀನಿನ ಪೊರೆ ಉಜ್ಜುವ ಅಲಗು ಕೂಡ ಇತ್ತು, ಈರುಳ್ಳಿಯೇ ಅಪರೂಪವಾದ ಆ ಮನೆಯಲ್ಲಿ.

ಹೆಂಡತಿ ಸತ್ಯಭಾಮಾ ಕಪಾಟಿನ ಅಗಲವನ್ನು ಗೇಣಿನಿಂದ ಅಳೆಯುತ್ತ ನಿಂತರು. "ಈ ಸಲ ಹಪ್ಪಳದ ಡಬ್ಬಿಗಳಿಗೆ ಈ ಕಪಾಟು ಬೇಕು ನಂಗೆ. ಅಟ್ಟದಲ್ಲಿಟ್ರೆ ಇಲಿ, ಅಡಿಗೆಮನೇಲಿಟ್ರೆ ತೇವ."

"ಇವುಗಳನ್ನ ಎಲ್ಲಿಡೋದು ಮಾರಾಯ್ತಿ?"

"ಇಲಿ ಕಬ್ಬಿಣ ತಿನ್ನೋದಿಲ್ಲ."

ಯಜ್ಞನಾರಾಯಣರು ಎದ್ದು ನಿಂತರು. "ನಿನ್ನ ಅಡಿಗೆಮನೆಯ ಅಷ್ಟೂ ಕೆಲಸವನ್ನ ಇದರಲ್ಲಿ ಯಾವುದಾದ್ರೂ ಒಂದು ಮಾಡ್ತದೆ. ಅಂಥದ್ದನ್ನ ಅಟ್ಟಕ್ಕೆ ಹಾಕೋದಾ?"

"ಅಷ್ಟೂನಾ?"

"ಅಷ್ಟೂ."

"ಹಂಗಾದ್ರೆ ಹಿತ್ಲಲ್ಲಿ ಹಲಸಿನಕಾಯಿ ಕೊಯ್ದಿಟ್ಟಿದ್ದೀನಿ. ಪಕ್ಕದ್ಮನೆ ಕುಮುದಕ್ಕ ಹತ್ತೂವರೆಗೆ ಹಪ್ಪಳಕ್ಕೆ ಬರ್ತಾರೆ. ಅಷ್ಟೊತ್ತಿಗೆ ತೊಳೆ ಬಿಡಿಸಿಕೊಡಿ, ಕಪಾಟು ನಿಮ್ದು. ಇಲ್ದಿದ್ರೆ ನನ್ನ ಡಬ್ಬಿಗಳಿಗೆ."

ಯುದ್ಧ ಘೋಷಣೆಯಾಯಿತು. ಯಜ್ಞನಾರಾಯಣರು ಮೊದಲು ಕಾಯಿಯನ್ನು ಅಳೆದರು. ವ್ಯಾಸ ಇಪ್ಪತ್ತಾರು ಸೆಂಟಿಮೀಟರ್, ಅಲಗಿನ ಉದ್ದ ಏಳು. ಸುತ್ತಲೂ ಕೊರೆಯುತ್ತ ಬಂದರೆ ಉಳಿದದ್ದು ತಾನೇ ಸೀಳುತ್ತದೆಂದು ಲೆಕ್ಕ ಹೇಳಿತು. ಲೆಕ್ಕ ಸರಿಯಾಗಿಯೇ ಇತ್ತು.

ಸತ್ಯಭಾಮಾ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಪಕ್ಕದಲ್ಲಿಟ್ಟರು. "ಕೈಗೂ ಚಾಕಿಗೂ ಹಚ್ಕೊಳ್ಳಿ. ಮೇಣ ಹಿಡೀತದೆ."

"ಕೊಬ್ಬರಿ ಎಣ್ಣೆಯಾ? ಇಪ್ಪತ್ನಾಲ್ಕು ಡಿಗ್ರಿಗಿಂತ ಕೆಳಗಿಳಿದ್ರೆ ಅದು ಗಟ್ಟಿಯಾಗ್ತದೆ. ಕೀಲೊಳಗೆ ಸೇರಿದ್ರೆ ಡಿಸೆಂಬರಲ್ಲಿ ಚಾಕು ಬಿಚ್ಚೋಕೆ ಆಗೋದಿಲ್ಲ."

"ಈಗ ಏಪ್ರಿಲ್."

"ಡಿಸೆಂಬರ್ ಬಂದೇ ಬರ್ತದೆ."

ಮಷೀನ್ ಎಣ್ಣೆಯನ್ನು ತಿನ್ನುವ ಪದಾರ್ಥಕ್ಕೆ ಮುಟ್ಟಿಸುವಂತಿಲ್ಲ. ಅದೂ ಅವರಿಗೆ ಗೊತ್ತಿತ್ತು. ಹೀಗೆ ಎರಡೂ ಕಡೆ ಶಾಸ್ತ್ರಬದ್ಧವಾಗಿ ಯೋಚಿಸಿ, ಮಲೆನಾಡಿನ ಚಿಕ್ಕ ಮಕ್ಕಳೂ ಮಾಡದ ಕೆಲಸವನ್ನು ಅವರು ಮಾಡಿದರು. ಒಣ ಕೈಯಲ್ಲಿ ಹಲಸಿನಕಾಯಿಗೆ ಚಾಕು ಹಾಕಿದರು.

ಮೊದಲ ನಾಲ್ಕು ಅಂಗುಲ ದಿಗ್ವಿಜಯ. ಐದನೆಯದಕ್ಕೆ ಬಿಳಿ ಮೇಣ ಉಕ್ಕಿ ಬಂದು ಅಲಗನ್ನು ಅಪ್ಪಿಕೊಂಡಿತು. ಅದನ್ನು ಕೆರೆಯಲು ಎರಡನೆಯ ಚಾಕು ಬಂತು, ಅದಕ್ಕೂ ಮೇಣ ಹತ್ತಿತು. ಎರಡನೆಯದನ್ನು ಹಿಡಿದೆಳೆಯಲು ಇಕ್ಕಳ ಬಂತು. ಇಕ್ಕಳ ಕಚ್ಚಿತು, ಬಿಡಲಿಲ್ಲ. ಹತ್ತು ಗಂಟೆ ಐದು ನಿಮಿಷದ ಹೊತ್ತಿಗೆ ಸೇನೆಯ ಒಂಬತ್ತು ಮಂದಿ ಹಿತ್ತಲಲ್ಲಿ ಬಿದ್ದಿದ್ದರು. ಕಾಯಿ ಮಾತ್ರ ಗಡ್ಡ ಕೆರೆಸಿಕೊಂಡವರಂತೆ ಆರಾಮಾಗಿ ಕೂತಿತ್ತು.

"ಸಹಾಯ ಬೇಕಾ?" ಒಳಗಿನಿಂದ ಧ್ವನಿ ಬಂತು.

"ಬೇಡ. ಪ್ರಯೋಗ ನಡೀತಾ ಇದೆ."

ಹತ್ತನೆಯದು ಗರಗಸ. ಬಿಚ್ಚುವ ಮೊದಲೇ ಅದು ಬಲ ಅಂಗೈಗೆ ಅಂಟಿತು. ಬಿಡಿಸಲೆಂದು ಎಡಗೈ ಹಾಕಿದರು, ಎಡಗೈಯೂ ಅಲ್ಲಿಯೇ ನಿಂತಿತು. ಮಡಚಿದ ಗರಗಸವನ್ನು ನಡುವೆ ಇಟ್ಟುಕೊಂಡು ಎರಡು ಅಂಗೈಗಳೂ ಎದೆಯ ಮುಂದೆ ಒಂದಾದವು. ಎಳೆದರು, ತಿರುಚಿದರು. ಚರ್ಮ ಬಂದೀತು, ಮೇಣ ಬರುವುದಿಲ್ಲ ಎಂಬುದು ಖಚಿತವಾಯಿತು.

ಸರಿಯಾಗಿ ಆಗಲೇ ಕುಮುದಕ್ಕ ಹಿತ್ತಲ ಬಾಗಿಲಿಗೆ ಬಂದರು. ಎದುರಿಗೆ ಯಜ್ಞನಾರಾಯಣರು ಕೈ ಜೋಡಿಸಿ ನಿಂತಿದ್ದರು. ಕುಮುದಕ್ಕ ಗಡಿಬಿಡಿಯಿಂದ ಚೀಲ ಕೆಳಗಿಟ್ಟು ತಾವೂ ಕೈ ಜೋಡಿಸಿದರು.

"ಎಂತ ಭಾವ, ಇವತ್ತು ಇಷ್ಟು ಮರ್ಯಾದೆ?"

ಯಜ್ಞನಾರಾಯಣರು ಕೈ ಇಳಿಸಲಿಲ್ಲ. ಕುಮುದಕ್ಕ ಎರಡನೆಯ ಸಲ ನಮಸ್ಕರಿಸಿದರು.

"ಸಾಕು ಬಿಡಿ ಕುಮುದಕ್ಕ, ಅವರು ಈಗಲೇ ಇಳಿಸೋದಿಲ್ಲ," ಎನ್ನುತ್ತ ಸತ್ಯಭಾಮಾ ಮೆಟ್ಟುಗತ್ತಿ ತಂದರು. ಅದರ ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಅಲಗಿಗೂ ಕೈಗೂ ಎಣ್ಣೆ ಸವರಿ, ಕಾಯಿಯನ್ನು ನಾಲ್ಕು ಹೋಳು ಮಾಡಿದರು. ಯಜ್ಞನಾರಾಯಣರ ಮುಂಗೈಯಲ್ಲಿದ್ದ ಗಡಿಯಾರದ ಪ್ರಕಾರ ಒಂದು ನಿಮಿಷ ನಲವತ್ತು ಸೆಕೆಂಡ್.

ಆಮೇಲೆ ಗಂಡನ ಕೈ ಹಿಡಿದುಕೊಂಡು, ಬೆರಳು ಬೆರಳಿನ ಸಂದಿಗೂ ಕೊಬ್ಬರಿ ಎಣ್ಣೆ ತಿಕ್ಕಿದರು. ನೋವಾಗದಂತೆ, ನಿಧಾನವಾಗಿ.

"ಕಪಾಟು ನಿಂದೇ," ಎಂದರು ಯಜ್ಞನಾರಾಯಣರು. ಧ್ವನಿ ಸಣ್ಣದಾಗಿತ್ತು.

"ಪೂರ್ತಿ ಬೇಡ. ಮೇಲಿನ ಮೂಲೆ ನಿಮಗೆ ಬಿಡ್ತೀನಿ. ಎಷ್ಟು ಇಟ್ಕೋತೀರಿ?"

ಹನ್ನೆರಡು ಎನ್ನಲು ಅವರು ಬಾಯಿ ತೆರೆದರು.

"ತಡೀರಿ. ಮೊದಲ್ನೇದನ್ನ ಸಾಗರದಲ್ಲಿ ಕೊಂಡಾಗ ನಾನೂ ಇದ್ದೆ. ಅಂಗಡಿಯವ ಇನ್ನೊಂದು ತೋರಿಸ್ಲಾ ಅಂದ. ಒಬ್ಬ ಮನುಷ್ಯನಿಗೆ ಜೀವಮಾನಕ್ಕೆ ಇಂಥವು ಎಷ್ಟು ಬೇಕು ಅಂತ ಅವನಿಗೆ ಪಾಠ ಮಾಡಿದ್ರಲ್ಲ, ಅಂಗಡೀಲಿದ್ದವರೆಲ್ಲ ತಿರುಗಿ ನೋಡೋ ಹಂಗೆ?"

"ಎಷ್ಟು ಅಂದಿದ್ರಿ ಭಾವ?" ಕುಮುದಕ್ಕ ತೊಳೆ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು.

ಯಜ್ಞನಾರಾಯಣರು ಜನ್ಮದಲ್ಲಿ ತಪ್ಪು ರೀಡಿಂಗ್ ಕೊಟ್ಟವರಲ್ಲ.

"ಒಂದು."