ಬೂಷ್ಟಿನ ಒಳಾರ್ಥ

ನನ್ನ ಮಂಚದ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಹಾಗಲಕಾಯಿ ಬಣ್ಣದ ಒಂದು ಮಚ್ಚೆ ಇತ್ತು. ಮೊದಲು ಕಂಡಾಗ ಅಂಗೈಯಗಲ. ಚಳಿಗಾಲದ ಮಳೆ ಮುಗಿಯುವ ಹೊತ್ತಿಗೆ ಊಟದ ತಟ್ಟೆಯಷ್ಟಾಗಿ, ಅಂಚಿನಲ್ಲಿ ಸ್ವಲ್ಪ ಕೆಂಪಿಗೂ ತಿರುಗಿತ್ತು. ಮುಟ್ಟಿದರೆ ತಣ್ಣಗೆ; ಮೂಗು ಹತ್ತಿರ ತಂದರೆ ಒಣಗದ ಗೋಣಿಚೀಲದ ವಾಸನೆ. ಕನ್ನಡದಲ್ಲಿ ಇದನ್ನು ಬೂಷ್ಟು ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಇದಕ್ಕೆ ಒಂದು ಪುಟ್ಟ ಪದವಿದೆ, ಮಕ್ಕಳಿಗೂ ಅರ್ಥವಾಗುತ್ತದೆ. ಆ ಪದವನ್ನು ಮನೆಯ ಒಡತಿಯ ಮುಂದೆ ಆಡಲು ನನಗೆ ಒಂದು ಇಡೀ ಚಳಿಗಾಲ ಸಾಲಲಿಲ್ಲ.

ದೂರು ಹೇಳುವುದೂ ಒಂದು ವಿದ್ಯೆ, ಅದು ನಮ್ಮ ಮನೆಯಲ್ಲಿ ಯಾರಿಗೂ ಹತ್ತಿಲ್ಲ. ಅಪ್ಪನಿಗೆ ಎಡಗಡೆಯ ಹಲ್ಲು ನೋಯುತ್ತಿದೆ ಎಂದು ನಮಗೆ ಗೊತ್ತಾಗುವುದು ಅವರು ಬಲಗಡೆ ಅಗಿಯಲು ಶುರುಮಾಡಿದಾಗ. ಅಮ್ಮನಿಗೆ ಉಬ್ಬಸ. ಉಸಿರು ಸಿಗದೆ ಕಿಟಕಿಯ ಸರಳು ಹಿಡಿದು ನಿಂತಿರುವಾಗಲೂ "ಏನಾಯ್ತಮ್ಮಾ?" ಎಂದರೆ "ಏನೋ ಒಂಥರಾ" ಎನ್ನುತ್ತಾಳೆ. ಅವಳ ಇಡೀ ವೈದ್ಯಕೀಯ ಚರಿತ್ರೆ ಈ ಎರಡು ಪದಗಳಲ್ಲಿದೆ. ಇಂಥವರ ಮಗಳಾದ ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಕಡಲು ದಾಟಿ ಲಾಸ್ ಗ್ಯಾಟೋಸಿಗೆ ಕೆಲಸಕ್ಕೆ ಬಂದ ತಕ್ಷಣ ಬಾಯಿ ಬಂದುಬಿಡುತ್ತದೆಯೇ? ಬರಲಿಲ್ಲ. ಬದಲಿಗೆ ನಾನು ಪ್ರತಿ ವಾರ ಆ ಮಚ್ಚೆಯ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣಗೆ ತಾರೀಖು ಬರೆಯುತ್ತಿದ್ದೆ. ಅಷ್ಟರಿಂದ ಏನೋ ಕ್ರಮ ಕೈಗೊಂಡ ಸಮಾಧಾನವಾಗುತ್ತಿತ್ತು. ಗೋಡೆ ನೋಡನೋಡುತ್ತ ಭೂಗೋಳದ ನಕ್ಷೆಯಂತಾಯಿತು.

ಕೋಣೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ವರ್ಷಗಳಲ್ಲಿ ಅಲ್ಲಿ ಇದ್ದವರಾರೂ ಹಾಗೆ ಕೇಳುವುದಿಲ್ಲ. ಹೆಸರಿನ ಕೊನೆಗೆ ಡಾಟ್ ಕಾಮ್ ಅಂಟಿಸಿಕೊಂಡವರೆಲ್ಲ ಕಂಪನಿ ತೆರೆದು ಜನರನ್ನು ಕರೆಸುತ್ತಿದ್ದರು. ಆ ಜನ ಮಲಗುವುದೆಲ್ಲಿ ಎಂದು ಯಾರೂ ಯೋಚಿಸಿರಲಿಲ್ಲ. ಒಂದು ಅಪಾರ್ಟ್‌ಮೆಂಟು ಖಾಲಿಯಾದರೆ ಬಾಗಿಲಲ್ಲಿ ಹುಡುಗಿ ನೋಡಲು ಬಂದವರ ಹಾಗೆ ಸಾಲಾಗಿ ನಿಂತು, ಒಡೆಯನ ನಾಯಿಯನ್ನೂ ಹೊಗಳಬೇಕಾಗಿತ್ತು. ಅಂಥದರಲ್ಲಿ ನನಗೆ ಈ ಕೋಣೆ ಸಿಕ್ಕಿದ್ದು ಒಡತಿ ಎಸ್ತರ್ ಅವರ ಕೃಪೆಯಿಂದ. ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತು ದಾಟಿದವರು, ಯಹೂದಿ ಆಚಾರವಂತರು. "ನನ್ನನ್ನು ಎಸ್ತರ್ ಅಂತಲೇ ಕರಿ" ಎಂದು ಮೊದಲ ದಿನವೇ ಅಪ್ಪಣೆ ಕೊಟ್ಟರು. ಎಪ್ಪತ್ತರ ಹೆಂಗಸನ್ನು ಬರಿಯ ಹೆಸರು ಹಿಡಿದು ಕೂಗಲು ನನ್ನ ನಾಲಗೆ ಏಳಲಿಲ್ಲ. ಅವರನ್ನು ಕರೆಯಬೇಕಾದಾಗಲೆಲ್ಲ ನಾನು ಕೆಮ್ಮುತ್ತಿದ್ದೆ. ಅವರು ನನಗೆ ಜೇನುತುಪ್ಪ ಕೊಡುತ್ತಿದ್ದರು.

ಬಾಡಿಗೆಯ ಜೊತೆಗೆ ಅವರದು ಒಂದೇ ಷರತ್ತು. ಶುಕ್ರವಾರ ಸಂಜೆ ಅವರ ಊಟದ ಮೇಜಿಗೆ ಬರಬೇಕು, ಆ ವಾರದ ತೋರಾ ಭಾಗವನ್ನು ಕೇಳಬೇಕು, ಅದು ನನ್ನ ಬದುಕಿಗೆ ಏನು ಹೇಳುತ್ತದೆಂದು ನಾಲ್ಕು ಮಾತಾಡಬೇಕು. ತೋರಾ ಅವರ ಧರ್ಮಗ್ರಂಥ; ಅದನ್ನು ವಾರಕ್ಕೊಂದು ಭಾಗದಂತೆ ಓದುತ್ತಾರೆ. ಸೃಷ್ಟಿಯಿಂದ ಹೊರಟು, ವರ್ಷ ತುಂಬುವಾಗ ಮೋಶೆಯ ಮರಣಕ್ಕೆ ಬಂದು, ಮತ್ತೆ ಸೃಷ್ಟಿಗೆ ಮರಳುತ್ತಾರೆ. ಲೋಕದಲ್ಲಿ ಎಲ್ಲೆಲ್ಲಿ ಯಹೂದಿಗಳಿದ್ದಾರೋ ಅಲ್ಲೆಲ್ಲ ಹೆಚ್ಚುಕಡಿಮೆ ಆ ವಾರ ಅದೇ ಪುಟ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಹಿಡಿಸದೇ ಇದ್ದದ್ದು ನನ್ನ ಬದುಕಿನ ಪ್ರಸ್ತಾಪ. ನನ್ನ ಬದುಕನ್ನು ನಾನು ಅಪ್ಪ ಅಮ್ಮನ ಮುಂದೆಯೇ ಬಿಚ್ಚಿಟ್ಟವಳಲ್ಲ. ಮೀನಿನ ಉಂಡೆ ತಿನ್ನುತ್ತಿರುವ ಅಪರಿಚಿತರ ಮುಂದೆ ಇಡುವುದೇ? ಹಾಗಾಗಿ ನಾನು ಪ್ರತಿ ಶುಕ್ರವಾರ ಆಫೀಸಿನ ಪ್ರಿಂಟರಿನ ವಿಷಯ ಹೇಳುತ್ತಿದ್ದೆ. ಈಜಿಪ್ಟಿನ ಪೀಡೆಗಳ ವಾರ ಅದರಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಸಮುದ್ರ ಇಬ್ಭಾಗವಾದ ವಾರ ಶಾಯಿ ಸೋರಿತ್ತು. ಎಸ್ತರ್ ಅದರಲ್ಲೂ ಅರ್ಥ ಕಂಡು, ತೃಪ್ತಿಯಿಂದ ತಲೆಯಾಡಿಸುತ್ತಿದ್ದರು.

ಅವರ ತೊಂದರೆಯೇ ಅದು. ಅವರ ಕಿವಿಗೆ ಬಿದ್ದದ್ದು ಯಾವುದೂ ಇದ್ದ ಹಾಗೆ ಇರುತ್ತಿರಲಿಲ್ಲ. ಫೆಬ್ರುವರಿಯಲ್ಲಿ ನಾನು ಧೈರ್ಯ ಮಾಡಿ, ಕೆಮ್ಮಿ, "ನನ್ನ ಕೋಣೆಯ ಗೋಡೆ ಸ್ವಲ್ಪ ಒದ್ದೆ ಇದ್ದ ಹಾಗಿದೆ" ಎಂದೆ. ಆ ವಾರ ಮರುಭೂಮಿಯಲ್ಲಿ ದೇವರಿಗೆ ಗುಡಾರ ಕಟ್ಟುವ ಭಾಗ. ಎಸ್ತರ್ ಕಣ್ಣರಳಿಸಿ, "ನೋಡು! ಗೋಡೆ ಅಂದರೆ ಏನು? ಒಳಗೆ ಯಾರನ್ನು ಬಿಟ್ಟುಕೊಳ್ತೀವಿ ಅನ್ನೋ ಪ್ರಶ್ನೆ" ಎಂದು ಹೇಳಿ ಜೇನುತುಪ್ಪ ಕೊಟ್ಟರು. ಇನ್ನೊಮ್ಮೆ ಹೀಟರಿನ ಮಾತೆತ್ತಿದೆ. ಯಾಕೋಬ ಕಲ್ಲನ್ನೇ ದಿಂಬು ಮಾಡಿಕೊಂಡು ಮಲಗಿದ್ದನ್ನು ನೆನಪಿಸಿದರು. ಯಾಕೋಬನಿಗೆ ಕನಸಿನಲ್ಲಿ ದೇವದೂತರು ಕಂಡರು. ನನಗೆ ನೆಗಡಿಯಾಯಿತು.

ಅಷ್ಟು ಹೊತ್ತಿಗೆ ವಿಷಯ ಗಂಭೀರವಾಗಿತ್ತು. ಮೇ ತಿಂಗಳಲ್ಲಿ ಅಮ್ಮ ಬರುವವಳಿದ್ದಳು. ಟಿಕೆಟ್ಟಾಗಿತ್ತು. ಈ ಒಂದೇ ಕೋಣೆಯಲ್ಲಿ, ಈ ಗೋಡೆಯ ಪಕ್ಕದಲ್ಲಿ ಅವಳು ಮಲಗಬೇಕು. ಹಳೆಯ ಪತ್ರಿಕೆಯ ಕಟ್ಟು ಬಿಚ್ಚಿದರೆ ಸಾಕು ಅವಳಿಗೆ ಉಸಿರು ಹಿಡಿಯುತ್ತದೆ. ಈ ಬೂಷ್ಟಿನ ಮಗ್ಗುಲಲ್ಲಿ ಮಲಗಿದರೆ ಅವಳನ್ನು ನೇರವಾಗಿ ಆಸ್ಪತ್ರೆಗೇ ಕರೆದೊಯ್ಯಬೇಕು.

ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಶಾಹೀನಕ್ಕನಿಗೆ ಮಾತ್ರ ಇದು ಗೊತ್ತಿತ್ತು. ಧಾರವಾಡದವಳು, ಕೊಲ್ಲಿಯ ಆಚೆ ದಡದ ನೆವಾರ್ಕಿನಿಂದ ದಿನಾ ಕಾರಿನಲ್ಲಿ ಬರುವವಳು.

"ಅಲ್ಲವಾ ತಂಗಿ, ಗ್ವಾಡಿಗೆ ಬೂಷ್ಟ ಹತ್ತೇತಿ ಅಂತ ಹೇಳಾಕ ನಿನಗೇನ ವಕೀಲ್ರು ಬೇಕೇನ?"

"ಹೇಳಿದೆ ಅಕ್ಕ. ಅವರು ಅದಕ್ಕೆ ಒಳಾರ್ಥ ಹೇಳ್ತಾರೆ."

"ಹೌದ? ಹಂಗಾದ್ರ ಮಾತೇ ಬ್ಯಾಡ. ಕೈ ಹಿಡಕೊಂಡು ಹೋಗಿ ಗ್ವಾಡಿ ಮುಂದ ನಿಂದ್ರಸು. ಮೂಗಿಗೆ ಒಳಾರ್ಥ ಇರೂದಿಲ್ಲ." ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ್ನ ನಮ್ಮನ್ಯಾಗ ಇಟ್ಟಗೋತಿದ್ದೆ. ಏನ್ ಮಾಡ್ಲಿ, ಹಾಲ್‌ನ್ಯಾಗ ಮೈದುನ ಮಲಗ್ತಾನ, ಅಡಗಿಮನ್ಯಾಗ ಅವನ ದೋಸ್ತ" ಎಂದಳು.

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಬಂತು. ಮೇಜಿನ ಸುತ್ತ ಎಸ್ತರ್; ಅವರ ಸ್ನೇಹಿತರಾದ ಹಲ್ಲಿನ ಡಾಕ್ಟರು ಸ್ಯಾಮ್, ಅವರ ಹೆಂಡತಿ ಜೂಡಿ; ಮತ್ತು ಇಂಟರ್ನೆಟ್ಟಿನಲ್ಲಿ ಹುಟ್ಟುಹಬ್ಬದ ಉಡುಗೊರೆ ಮಾರಲಿರುವ, ಆದರೆ ಇನ್ನೂ ಒಂದನ್ನೂ ಮಾರಿರದ ಕಂಪನಿಯ ಆ್ಯಡಮ್ ಎಂಬ ತರುಣ. ಜಡೆಯಂತೆ ಹೆಣೆದ ಬ್ರೆಡ್ಡು ಮುರಿದದ್ದಾಯಿತು. ಎಸ್ತರ್ ಕನ್ನಡಕ ಏರಿಸಿ ಓದತೊಡಗಿದರು. ನಾನು ಎಂದಿನಂತೆ ಪ್ರಿಂಟರಿನ ಬಗ್ಗೆ ಯೋಚಿಸುತ್ತಿದ್ದವಳು ಥಟ್ಟನೆ ಚಮಚ ಕೆಳಗಿಟ್ಟೆ. ಯಾಕೆಂದರೆ ಆ ವಾರದ ಭಾಗದಲ್ಲಿ ಇದ್ದದ್ದು ಮನೆಯ ಗೋಡೆಯ ಬೂಷ್ಟು! ಗೋಡೆಯಲ್ಲಿ ಹಸಿರೋ ಕೆಂಪೋ ಆದ ಮಚ್ಚೆ ಒಳಕ್ಕಿಳಿದಂತೆ ಕಂಡರೆ, ಮನೆಯವನು ತಾನೇ ಹೋಗಿ ಪುರೋಹಿತನಿಗೆ 'ಏನೋ ಒಂದು ಕಾಣಿಸಿಕೊಂಡ ಹಾಗಿದೆ' ಎಂದು ಹೇಳಬೇಕಂತೆ. ಪುರೋಹಿತ ಬರುವ ಮುಂಚೆ ಮನೆಯ ಸಾಮಾನೆಲ್ಲ ಹೊರಗಿಡಬೇಕು. ಅವನು ಬಂದು ನೋಡಿ, ಒಂದು ವಾರ ಮುಚ್ಚಿಸಿ, ಹರಡಿದೆಯೇ ಎಂದು ಮತ್ತೆ ನೋಡಬೇಕು. ಹರಡಿದ್ದರೆ ಕಲ್ಲು ಕಿತ್ತು, ಗೋಡೆ ಕೆರೆದು, ಹೊಸ ಗಾರೆ ಮೆತ್ತಬೇಕು. ಆಹಾ, ಎಂಥ ಧರ್ಮಗ್ರಂಥ! ಇದಕ್ಕಿಂತ ಸ್ಪಷ್ಟವಾದ ಬಾಡಿಗೆ ಕರಾರನ್ನು ನಾನು ಕಂಡಿರಲಿಲ್ಲ. ಈ ವಾರ ಒಳಾರ್ಥಕ್ಕೆ ಎಡೆಯೇ ಇಲ್ಲ ಎಂದುಕೊಂಡೆ.

"ಅಂಥ ಮನೆ ಯಾವತ್ತೂ ಇರಲೇ ಇಲ್ಲ ಅಂತ ಹಿಂದಿನ ಕೆಲವು ಪಂಡಿತರು ಹೇಳ್ತಾರೆ" ಎಂದರು ಎಸ್ತರ್ ಪುಸ್ತಕ ಮುಚ್ಚಿ. "ಹಾಗಾದರೆ ಇದು ನಮಗೆ ಏನು ಹೇಳ್ತಾ ಇದೆ?"

"ಚಾಡಿ ಮಾತು" ಎಂದರು ಜೂಡಿ. "ಒಂದು ಮನೆಯೊಳಗೆ ಹೊಕ್ಕರೆ ಮುಗೀತು."

"ನಮ್ಮ ಆಫೀಸಿಗೇ ಬರೆದ ಹಾಗಿದೆ" ಎಂದ ಆ್ಯಡಮ್. "ಮೀಟಿಂಗಿನಲ್ಲಿ ಒಬ್ಬ ನೆಗೆಟಿವ್ ಮನುಷ್ಯ ಸಾಕು, ಇಡೀ ಕಂಪನಿಗೆ ಹರಡುತ್ತೆ. ನಮ್ಮಲ್ಲಿ ಒಬ್ಬ ಇದಾನೆ. ಲಾಭ ಯಾವಾಗ ಬರುತ್ತೆ ಅಂತ ಕೇಳ್ತಾನೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೆಮ್ಮಿದೆ. "ನನ್ನ ಗೋಡೆಯಲ್ಲಿ ಏನೋ ಒಂದು ಕಾಣಿಸಿಕೊಂಡ ಹಾಗಿದೆ" ಎಂದೆ.

ಜೂಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಎಸ್ತರ್ ಕಣ್ಣಲ್ಲಿ ನೀರಾಡಿತು. "ಪ್ರಿಂಟರ್ ಬಿಟ್ಟು ಇವತ್ತು ಮೊದಲನೇ ಸಲ ತನ್ನ ಬಗ್ಗೆ ಹೇಳಿದಳು" ಎಂದು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಎಷ್ಟು ಧೈರ್ಯದ ಮಾತು, ನಮ್ಮೆಲ್ಲರೊಳಗೂ ಒಂದು ಗೋಡೆ ಇದೆ ಎಂದು ಆ್ಯಡಮ್ ಶುರುಮಾಡಿದ. ನನ್ನ ಸಹನೆಯ ಕಟ್ಟೆ ಒಡೆಯಿತು. ಶಾಹೀನಕ್ಕನನ್ನು ನೆನೆದು, ತಬ್ಬಿದ್ದ ಎಸ್ತರ್ ಅವರ ಕೈಯನ್ನು ಬಿಡದೆ ಹಿಡಿದು, ಸೀದಾ ನನ್ನ ಕೋಣೆಗೆ ಕರೆದೊಯ್ದು, ಮಂಚ ಎಳೆದೆ.

ಅವರು ಬಗ್ಗಿ ನೋಡಿದರು. ಮೂಸಿದರು. ಈಗ ಪ್ಲಂಬರಿಗೆ ಫೋನು ಮಾಡುತ್ತೇನೆ ಎನ್ನುತ್ತಾರೆಂದು ಕಾದೆ. ಶುಕ್ರವಾರ ಕತ್ತಲಾದರೆ ಅವರಿಗೆ ಸಬ್ಬತ್ತು, ಶನಿವಾರ ಕತ್ತಲಾಗುವವರೆಗೆ ಫೋನು ಮುಟ್ಟುವುದಿಲ್ಲ ಎಂಬುದು ಮರೆತೇಹೋಗಿತ್ತು.

"ಸ್ಯಾಮ್!" ಎಂದು ಅವರು ಕೂಗಿದ ಕೂಗಿನಲ್ಲಿ ಇದ್ದದ್ದು ಗಾಬರಿಯಲ್ಲ, ಸಂಭ್ರಮ. "ಸ್ಯಾಮ್, ಬೇಗ ಬಾ! ಹಸಿರು ಇದೆ, ಕೆಂಪೂ ಇದೆ!"

ಡಾಕ್ಟರು ಸ್ಯಾಮ್ ಪುರೋಹಿತರ ವಂಶದವರಂತೆ. ಅದು ನನಗೆ ಆಗ ತಿಳಿಯಿತು. ಅವರ ಹಿಂದೆ ಜೂಡಿ, ಜೂಡಿಯ ಹಿಂದೆ ಆ್ಯಡಮ್. ಈಗ ನನ್ನ ಸ್ಥಿತಿ ಊಹಿಸಿಕೊಳ್ಳಿ. ಎಸ್ತರ್ ಬಳಸುವ ಡ್ರೈಯರಿಗೆ ನನ್ನ ಬಟ್ಟೆ ಹಾಕಲು ಸಂಕೋಚವೆಂದು ನಾನು ಕೋಣೆಯಲ್ಲೇ ಕಿಟಕಿಯಿಂದ ಬೀರುವಿನವರೆಗೆ ಹಗ್ಗ ಕಟ್ಟಿ, ಒಗೆದದ್ದನ್ನೆಲ್ಲ ಒಣಹಾಕಿದ್ದೆ. ಅದರ ಕೆಳಗೆ ಸೂಟು ತೊಟ್ಟ ಇಬ್ಬರು ಗಂಡಸರು ತಲೆ ತಗ್ಗಿಸಿ ನುಸುಳಿ ಬಂದರು. ಸ್ಯಾಮ್ ಮಂಡಿಯೂರಿ, ದವಡೆ ಹಲ್ಲು ನೋಡುವವರಂತೆ ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದರು.

"ಈ ಪೆನ್ಸಿಲ್ ಗೆರೆ ಯಾರು ಹಾಕಿದ್ದು?"

"ನಾನೇ."

"ವಾರ ವಾರ? ತಾರೀಖು ಸಮೇತ?" ಅವರು ಹಿಂತಿರುಗಿ ನೋಡಿದ ನೋಟದಲ್ಲಿ ಗೌರವ ತುಂಬಿತ್ತು. "ಎಸ್ತರ್, ಇವಳು ಪುರೋಹಿತರ ಅರ್ಧ ಕೆಲಸ ಮುಗಿಸಿಬಿಟ್ಟಿದಾಳೆ! ಆದರೆ ನಾನು ಹಗಲ ಬೆಳಕಿನಲ್ಲೇ ನೋಡಬೇಕು. ಅದಕ್ಕೂ ಮುಂಚೆ ಸಾಮಾನೆಲ್ಲ ಹೊರಗೆ ಹೋಗಬೇಕು."

ಅರ್ಧ ತಮಾಷೆ, ಅರ್ಧ ಶ್ರದ್ಧೆ. ಆ ವಯಸ್ಸಿನವರು ಅಷ್ಟು ಖುಷಿಯಾಗಿ ಇದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು "ಬೇಡ, ಬೇಡ" ಎನ್ನುತ್ತಿರುವಂತೆಯೇ ಮೆರವಣಿಗೆ ಹೊರಟಿತು. ಜೂಡಿ ನನ್ನ ಕುಕ್ಕರನ್ನು ಮಗುವಿನಂತೆ ಅಪ್ಪಿಕೊಂಡು ಹೋದರು. ಆ್ಯಡಮ್ ಹಗ್ಗವನ್ನು ಬಟ್ಟೆ ಸಮೇತ ತೋರಣದಂತೆ ಎತ್ತಿಕೊಂಡು ನಡೆದ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಆ ಹೊತ್ತಿಗೆ ಈ ಮನೆಯಲ್ಲಿ ನನಗೆ ಆಪ್ತವಾಗಿದ್ದದ್ದು ಆ ಬೂಷ್ಟೊಂದೇ. ಕೊನೆಗೆ ಎಸ್ತರ್ ಬೀರುವಿನ ಹಿಂದಿನಿಂದ ಪ್ಲಾಸ್ಟಿಕ್ ಬಿಚ್ಚದ ಒಂದು ಹೊಸ ಹಾಸಿಗೆಯನ್ನು ಎಳೆದರು.

"ಇದು ಯಾರಿಗೆ?"

"ಅಮ್ಮನಿಗೆ" ಎಂದೆ. "ಮುಂದಿನ ತಿಂಗಳು ಬರ್ತಾಳೆ. ಅವಳಿಗೆ ಉಬ್ಬಸ. ಈ ಗೋಡೆ..."

ಎಸ್ತರ್ ಹಾಸಿಗೆಯನ್ನು ಕೆಳಗಿಟ್ಟರು. ಅವರ ಮುಖದ ಸಂಭ್ರಮವೆಲ್ಲ ಇಳಿದುಹೋಗಿತ್ತು. "ಇಷ್ಟು ಶುಕ್ರವಾರ ನನ್ನ ಮೇಜಿನಲ್ಲಿ ಕೂತೆ" ಎಂದರು. "ಪ್ರಿಂಟರಿನ ಹಲ್ಲು, ನಾಲಗೆ ಎಲ್ಲ ನನಗೆ ಗೊತ್ತು. ನಿನ್ನ ಅಮ್ಮ ಬರೋದು ಗೊತ್ತಿಲ್ಲ. ಗೋಡೆ ನಾಳೆ ರಾತ್ರಿ ಸಬ್ಬತ್ತು ಮುಗಿದ ಕೂಡಲೇ ನೋಡೋಣ, ಪ್ಲಂಬರ್ ಬರ್ತಾನೆ. ಬೇರೆ ಊರಿಗೆ ಹೋಗಿರೋ ನನ್ನ ಮಗಳ ಕೋಣೆ ಖಾಲಿ ಇದೆ, ಅಮ್ಮ ಅದರಲ್ಲಿ ಮಲಗಲಿ, ಅಲ್ಲಿ ಬಿಸಿಲು ಬರುತ್ತೆ. ನೀನೂ ಇವತ್ತಿಂದ ಅಲ್ಲೇ ಮಲಗು. ಆದರೆ ಬಾಯಿಬಿಟ್ಟು ಹೇಳೋದಕ್ಕೆ ನಿನಗೇನು ಕಷ್ಟ ಹುಡುಗಿ?"

ಅರ್ಥ ಹುಡುಕುತ್ತ ಕೂತಿರುವ ಇವರ ಮೇಲೆ ಇಡೀ ಚಳಿಗಾಲ ನಾನು ಸಿಡಿಮಿಡಿಗೊಂಡಿದ್ದೆ. ಅವರೋ, ಹುಡುಕಲು ನಾನು ಏನನ್ನೂ ಕೊಡದೆ, ಪ್ರಿಂಟರನ್ನೇ ಅಗೆಯುತ್ತಿದ್ದರು. ನಾನು ಬಗ್ಗಿ ಅಮ್ಮನ ಹಾಸಿಗೆ ಎತ್ತಿಕೊಂಡೆ.

ಮರುದಿನ ಬೆಳಿಗ್ಗೆ ಎಸ್ತರ್ ಪ್ರಾರ್ಥನೆಗೆ ಹೋದ ಮೇಲೆ, ಹಜಾರದಲ್ಲಿ ಕುಕ್ಕರು, ಸೂಟ್‌ಕೇಸುಗಳ ನಡುವೆ ಜಾಗ ಮಾಡಿಕೊಂಡು ಕೂತು, ಕಾಲಿಂಗ್ ಕಾರ್ಡಿನ ಅಂಕಿಗಳನ್ನೆಲ್ಲ ಒತ್ತಿ ಮೈಸೂರಿಗೆ ಫೋನು ಮಾಡಿದೆ.

"ಹೇಗಿದೀಯಮ್ಮ?"

"ಏನೋ ಒಂಥರಾ" ಎಂದಳು ಅಮ್ಮ.

"ಒಂಥರಾ ಅಂದ್ರೆ ಏನಮ್ಮ? ಉಸಿರು ಹಿಡೀತಾ ಇದ್ಯಾ? ಸರಿಯಾಗಿ ಹೇಳು. ವಿಮಾನ ಹತ್ತೋಕೆ ಮುಂಚೆ ಡಾಕ್ಟರಿಗೆ ತೋರಿಸ್ಬೇಕು. ಈ ವಾರದ ಭಾಗದಲ್ಲಿ ಇದೇ ಬರುತ್ತೆ, ಗೊತ್ತಾ? ಗೋಡೆಗೆ ಬೂಷ್ಟು ಬಂದ್ರೆ ಮನೆಯವರು ತಾವೇ ಹೋಗಿ ಹೇಳ್ಬೇಕು. ಗೋಡೆ ಅಂದ್ರೆ ಇಲ್ಲಿ ಬರೀ ಗೋಡೆ ಅಲ್ಲಮ್ಮ, ನಮ್ಮೊಳಗೆ..." ಎಂದು ನಾನು ಶುರುಮಾಡಿದವಳು, ಕಾರ್ಡಿನ ನಿಮಿಷಗಳು ಕರಗುತ್ತಿರುವುದನ್ನೂ ಮರೆತು, ಚಾಡಿಮಾತು, ಆ್ಯಡಮನ ಆಫೀಸು, ಎಲ್ಲವನ್ನೂ ವಿವರಿಸಿಬಿಟ್ಟೆ. ನನ್ನ ದನಿ ನನಗೇ ಎಸ್ತರ್ ದನಿಯಂತೆ ಕೇಳಿಸುತ್ತಿತ್ತು.

ಅಮ್ಮ ಕೊನೆಯವರೆಗೂ ತಾಳ್ಮೆಯಿಂದ ಕೇಳಿಸಿಕೊಂಡಳು. ಡಾಕ್ಟರ ಹತ್ತಿರ ಸೋಮವಾರ ಹೋಗುತ್ತೇನೆ ಎಂದು ಒಪ್ಪಿಕೊಂಡಳು. ಆಮೇಲೆ ಕೇಳಿದಳು:

"ಅದೆಲ್ಲಾ ಸರಿ ಕಣೇ. ಆ ಬೂಷ್ಟನ್ನ ಯಾರಾದ್ರೂ ಒರೆಸಿದ್ರಾ?"

ನಾನು ಫೋನಿಟ್ಟು, ಹಜಾರದ ರಾಶಿಯಲ್ಲಿ ಬಕೆಟ್ಟು ಹುಡುಕತೊಡಗಿದೆ.